ಯಾರ ಕಾಲಿಗೂ ಆಗದ ಚಪ್ಪಲಿ

ಆ ಊರಿಗೂ ಒಂದು ಹೆಸರಿತ್ತು. ಹೇಳಲು ನನಗೆ ಮನಸ್ಸಿಲ್ಲ, ಬಿಡಿ. ಹೇಳಿದರೆ ನೀವು 'ಓಹೋ, ಅಲ್ಲಿಯ ಕಥೆಯೋ' ಎಂದು ನಿರಾಳವಾಗಿ ಕಾಲು ಚಾಚಿಕೊಂಡು ಕೂತುಬಿಡುತ್ತೀರಿ. ಒಂದು ಆಳವಾದ ಕಣಿವೆ, ಕಣಿವೆಯ ಈಚೆಗೆ ಒಂದು ಊರು, ಆಚೆಗೆ ಇನ್ನೊಂದು ಊರು, ನಡುವೆ ಸೇತುವೆ ಇಲ್ಲ. ಇಷ್ಟು ಗೊತ್ತಿದ್ದರೆ ಸಾಕು. ಈಚೆಯವರು ಆಚೆಗೆ ಹೋಗಬೇಕಾದರೆ ಬಟ್ಟೆಯ ರೆಕ್ಕೆ ಕಟ್ಟಿಕೊಂಡು ಹಾರಿ ಹೋಗುತ್ತಿದ್ದರು. ಹಾಗೆ ಹೋಗಿಬರುವುದನ್ನೇ ಕಸುಬು ಮಾಡಿಕೊಂಡವರಿಗೆ ರೆಕ್ಕೆಗಾರರು ಎಂದು ಹೆಸರು. ಜ್ವರಕ್ಕೆ ಔಷಧಿ, ಬಾಣಂತಿಗೆ ಲೇಹ್ಯ, ಮದುವೆಯ ಕರೆಯೋಲೆ, ಸಾವಿನ ಸುದ್ದಿ, ಎಲ್ಲವೂ ಅವರ ಬೆನ್ನ ಮೇಲೆಯೇ ಆಚೆ ದಡ ಸೇರುತ್ತಿತ್ತು.

ಆ ಊರಿನಲ್ಲಿ ಒಂದೇ ಒಂದು ಕಟ್ಟಳೆ ಇತ್ತು. ಮೇಲೆ ಹೋಗುವವರು ಯಾರೇ ಆಗಲಿ, ಕೂಗುಬಂಡೆಯ ಬುಡದಲ್ಲಿರುವ ಕಟ್ಟೆಯ ಮೇಲೆ ತಮ್ಮ ಚಪ್ಪಲಿ ಬಿಟ್ಟು ಹೋಗಬೇಕು. ತಿರುಗಿ ಬಂದವರು ತಾವೇ ಅದನ್ನು ಮೆಟ್ಟಿಕೊಳ್ಳಬೇಕು. ಅಲ್ಲಿಯವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ, ಸರಿಸುವಂತಿಲ್ಲ, ಮಳೆ ಬಂದರೆ ಎತ್ತಿಡುವಂತೆಯೂ ಇಲ್ಲ. ಗಾಳಿಪಟ ಬಿಡುವವರು ಕೂಡ ಕಟ್ಟೆಯ ಮೇಲೆ ಚಪ್ಪಲಿ ಬಿಟ್ಟು, ಪಟ ಇಳಿಯುವ ತನಕ ಬರಿಗಾಲಲ್ಲೇ ನಿಲ್ಲುತ್ತಿದ್ದರು. ದಾರದ ತುದಿ ಹಿಡಿದವನೂ ಮೇಲಿದ್ದ ಹಾಗೆಯೇ ಎಂಬುದು ಆ ಊರಿನವರ ನಂಬಿಕೆ.

ಕೂಗುಬಂಡೆಯ ಮೇಲೆ ನಿಲ್ಲುತ್ತಿದ್ದವಳು ಕೂಗುವವಳು. ಅವಳ ತಾಯಿಯೂ ಅಲ್ಲೇ ನಿಂತು ಕೂಗಿದವಳು. ಬೆಳಿಗ್ಗೆ ಕಟ್ಟೆಯ ಮೇಲಿನ ಚಪ್ಪಲಿಗಳನ್ನು ಒಂದೊಂದಾಗಿ ನೋಡಿ, ಯಾವುದು ಯಾರದೆಂದು ಮನಸ್ಸಿನಲ್ಲಿ ಇಟ್ಟುಕೊಂಡು, ಬಂಡೆ ಹತ್ತಿ 'ಬಾನು ತೆರೆದಿದೆ' ಎಂದು ಕೂಗುವಳು. ಅವಳ ಬಾಯಿಂದ ಆ ಮಾತು ಬಾರದೆ ಒಂದು ಪಟವೂ ಏಳುತ್ತಿರಲಿಲ್ಲ. ಮಂಜು ಮುಸುಕಿ ಒಬ್ಬರಿಗೊಬ್ಬರು ಕಾಣದ ಹೊತ್ತಿನಲ್ಲಿ ಅವಳು 'ಯಾರಲ್ಲೀ?' ಎಂದು ಕೂಗುವಳು. ಮೇಲಿರುವ ರೆಕ್ಕೆಗಾರ ಸೊಂಟದ ಗಂಟೆಯನ್ನು ಒಮ್ಮೆ ಬಾರಿಸಿದರೆ 'ನಾನಿದ್ದೇನೆ' ಎಂದು ಅರ್ಥ. ಎರಡು ಸಲ ಬಾರಿಸಿದರೆ 'ದಾರಿ ಬಿಡುತ್ತಿದ್ದೇನೆ' ಎಂದು. ಅಷ್ಟರಿಂದಲೇ ಎಲ್ಲವೂ ತಲೆತಲಾಂತರದಿಂದ ನಡೆದುಬಂದಿತ್ತು.

ಕಟ್ಟೆಯ ಮೇಲಿನ ಚಪ್ಪಲಿಗಳಲ್ಲಿ ಅವಳು ನೋಡದೆಯೂ ಗುರುತಿಸಬಲ್ಲ ಜೋಡಿ ಒಂದಿತ್ತು. ಎಡಗಾಲಿನದರ ಹಿಮ್ಮಡಿ ಹೊರಬದಿಗೆ ಸವೆದಿತ್ತು, ಬಲಗಾಲಿನದಕ್ಕೆ ಉಂಗುಟದ ಹತ್ತಿರ ತಾಮ್ರದ ಮೊಳೆ ಹೊಡೆದಿತ್ತು. ಅದು ಅವಳ ಅಣ್ಣನದು. ತಾಯಿ ಸತ್ತ ವರ್ಷದಿಂದ ಅವಳಿಗೆ ಗಂಜಿ ಕುಡಿಸಿ, ತಲೆ ಬಾಚಿ, ಬೈದು, ಮುದ್ದು ಮಾಡಿ ಬೆಳೆಸಿದ ಅಣ್ಣ. ಊರಿನ ರೆಕ್ಕೆಗಾರರಲ್ಲೆಲ್ಲ ಹಿರಿಯವನು ಅವನೇ. ಸಂಜೆ ಅವನು ಬಂದು ಆ ಚಪ್ಪಲಿಯೊಳಗೆ ಕಾಲಿಟ್ಟ ಸದ್ದು ಕೇಳಿದ ಮೇಲೆಯೇ ಅವಳು ಬಂಡೆಯಿಂದ ಇಳಿಯುವುದು. ಅವಳಿಗೆ ಈ ಲೋಕದಲ್ಲಿ ಇದ್ದವನು ಅವನೊಬ್ಬನೇ.

ಹೀಗಿರುವಾಗ ಪರೀಕ್ಷಕರು ಬಂದರು.

ಅವರು ತಮ್ಮ ಕಾರ್ಖಾನೆಯಲ್ಲಿ ಮಾಡಿ ತಂದದ್ದು ಆಳಿಲ್ಲದೆ ತಾನೇ ಹಾರುವ ರೆಕ್ಕೆ. ಜನ ಅದಕ್ಕೆ ಬರಿರೆಕ್ಕೆ ಎಂದರು. ಬೆನ್ನಿಗೆ ಔಷಧಿಯ ಡಬ್ಬಿ ಕಟ್ಟಿ ಬಿಟ್ಟರೆ ಅದು ತಾನಾಗಿ ಕಣಿವೆ ದಾಟಿ, ಆಚೆ ಇಳಿಸಿ, ತಾನಾಗಿ ತಿರುಗಿ ಬರುತ್ತಿತ್ತು. ದಣಿಯದು, ಕೆಮ್ಮದು, ಕೂಲಿ ಕೇಳದು. ಸುಳ್ಳು ಯಾಕೆ ಹೇಳಲಿ, ಒಳ್ಳೆಯ ವಸ್ತುವೇ. ಅದನ್ನು ಮೊದಲ ಸಲ ನೋಡಿದಾಗ ಕೂಗುವವಳೂ ಬಾಯಿ ಬಿಟ್ಟುಕೊಂಡು ನಿಂತಿದ್ದಳು. ಅವಳಿಗೆ ಮೈ ಉರಿದದ್ದು ಅದನ್ನು ಕಂಡು ಅಲ್ಲ, ಅವರು ಅದನ್ನು ಪರೀಕ್ಷೆ ಮಾಡಿದ ಚಂದ ಕಂಡು.

ಆ ಚಂದವನ್ನು ಸ್ವಲ್ಪ ಕೇಳಿ. ಪರೀಕ್ಷೆಯ ದಿನ ಬೆಳಿಗ್ಗೆ ಡಂಗುರ. ರೆಕ್ಕೆಗಾರರೆಲ್ಲ ರೆಕ್ಕೆ ಮಡಚಿ ಮನೆಯಲ್ಲಿ ಕೂರಬೇಕು. ಪಟಗಳನ್ನು ಇಳಿಸಬೇಕು. ಪಾರಿವಾಳಗಳ ಮೇಲೆ ಬುಟ್ಟಿ ಕವುಚಬೇಕು. ಹದ್ದುಗಳನ್ನು ಪಟಾಕಿ ಹೊಡೆದು ಓಡಿಸುವುದು. ಮಂಜು ಇದ್ದರೆ ಆ ದಿನ ಪರೀಕ್ಷೆಯೇ ಇಲ್ಲ. ಪರೀಕ್ಷೆಗೆಂದು ಆ ದಿನಗಳಿಗೆ ಮಾತ್ರ ಚಪ್ಪಲಿಯ ಕಟ್ಟಳೆಗೂ ರಜೆ. ಹೀಗೆ ಆಕಾಶವನ್ನು ಗುಡಿಸಿ ಸಾರಿಸಿ, ಒಂದು ನೊಣವೂ ಇಲ್ಲದ ಹಾಗೆ ಮಾಡಿ, ಆಮೇಲೆ ಬರಿರೆಕ್ಕೆಯನ್ನು ಬಿಡುವುದು. ಅದು ಹೋಗಿ ಬರುವುದು. ಹಿರಿಯ ಪರೀಕ್ಷಕ ದಪ್ಪ ಪುಸ್ತಕ ತೆರೆದು 'ಢಿಕ್ಕಿ ಇಲ್ಲ' ಎಂದು ಬರೆಯುವುದು. ಏಳು ವರ್ಷ ಹೀಗೆಯೇ ಬರೆದರು, ಮಹಾನುಭಾವರು.

ಏಳನೆಯ ವರ್ಷದ ಕೊನೆಗೆ, ಯಾರು ಹಾರಬಹುದೆಂದು ತೀರ್ಮಾನಿಸುವ ಊರಿನ ಆಕಾಶ ಸಭೆ ಸೇರಿತು. ಹಿರಿಯ ಪರೀಕ್ಷಕ ಎದ್ದು ನಿಂತು, "ಏಳು ವರ್ಷ! ಒಂದೇ ಒಂದು ಢಿಕ್ಕಿ ಇಲ್ಲ! ಇನ್ನು ಬರಿರೆಕ್ಕೆಗಳು ಎಲ್ಲರ ಜೊತೆ, ಎಲ್ಲ ಹೊತ್ತಿನಲ್ಲೂ ಹಾರಬಹುದು," ಎಂದ. ಜನ ಚಪ್ಪಾಳೆ ತಟ್ಟಿದರು.

ಕೂಗುವವಳು ಹಿಂದಿನಿಂದ ಎದ್ದಳು. "ಢಿಕ್ಕಿ ಹೊಡೆಯೋಕೆ ಮೇಲೆ ಏನಿತ್ತು ಸ್ವಾಮಿ? ನೀವು ಎಲ್ಲರನ್ನೂ ಮನೆಗೆ ಕಳಿಸಿದ್ದಿರಲ್ಲ?"

"ಸುರಕ್ಷತೆಗಾಗಿ ಕಣಮ್ಮ."

"ಹಾಗಾದರೆ ಒಂದು ಸಲ, ಒಂದೇ ಒಂದು ಸಲ, ನಮ್ಮವರು ಮೇಲಿರುವಾಗ ಬಿಡಿ. ಕೆಳಗಿನ ಹೊಳೆಯ ಮೇಲೆ ಬಲೆ ಕಟ್ಟೋಣ, ತಗ್ಗಿನಲ್ಲೇ ಹಾರಲಿ. ನಾನು ಕೂಗ್ತೀನಿ. ಅದು ಓಗೊಡಲಿ, ದಾರಿ ಬಿಡಲಿ, ನೋಡ್ತೀನಿ."

"ಅಯ್ಯೋ, ಜನ ಮೇಲಿರುವಾಗಲೇ? ಅದು ತುಂಬಾ ಅಪಾಯ."

"ಪರೀಕ್ಷೆ ಮಾಡೋಕೆ ಅಪಾಯ, ದಿನಾ ಬಿಡೋಕೆ ಅಪಾಯ ಇಲ್ಲವಾ?" ಎಂದಳು ಅವಳು. ಅವಳ ಧ್ವನಿ ಕಣಿವೆಗೆ ಕೇಳುವಂಥದ್ದು, ಸಭೆಯ ಚಾವಣಿ ಅದುರಿತು.

ಹಿರಿಯ ಪರೀಕ್ಷಕ ನಕ್ಕ. ಆ ನಗು ಇದೆಯಲ್ಲ, ತಿಳಿಯದವರ ಮುಂದೆ ತಿಳಿದವರು ನಗುವುದು, ಅದನ್ನು ನೆನೆದರೆ ನನಗೆ ಈಗಲೂ ಹಲ್ಲು ಕಡಿಯುವ ಹಾಗಾಗುತ್ತದೆ. "ಮುಂದೆ ಅದನ್ನೂ ಮಾಡೋಣ ತಾಯಿ. ಓಗೊಡುವುದನ್ನು ಕಲಿಸುವುದು ಬಹಳ ದೊಡ್ಡ ಕೆಲಸ. ವರ್ಷಗಟ್ಟಲೆ ಹಿಡಿಯುತ್ತೆ. ಅಲ್ಲಿಯವರೆಗೆ ಆಚೆ ದಡದವರು ಔಷಧಿ ಇಲ್ಲದೆ ಕಾಯಲೇ?"

ಆಚೆ ದಡದಲ್ಲಿ ನಿಜವಾಗಿಯೂ ಜ್ವರ ಇತ್ತು. ಆದರೆ ಕಟ್ಟಳೆ ಅವಳ ಕಡೆಗಿತ್ತು. "ಬರಿರೆಕ್ಕೆಗೆ ಕಾಲಿಲ್ಲ, ಚಪ್ಪಲಿ ಇಲ್ಲ. ಚಪ್ಪಲಿ ಬಿಡದವರಿಗೆ ನಾನು ಬಾನು ತೆರೆಯೋಲ್ಲ," ಎಂದು ಕೂತುಬಿಟ್ಟಳು.

ಸಭೆ ಮೂರು ಸಂಜೆ ತಲೆ ಕೆಡಿಸಿಕೊಂಡಿತು. ನಾಲ್ಕನೆಯ ಸಂಜೆ ಅದಕ್ಕೊಂದು ಉಪಾಯ ಹೊಳೆಯಿತು. ಚಪ್ಪಲಿ ಹೊಲಿಯುವ ಮುದುಕನನ್ನು ಕರೆಸಿ, "ಬರಿರೆಕ್ಕೆಗೆ ಒಂದು ಜೊತೆ ಚಪ್ಪಲಿ ಹೊಲಿ," ಎಂದರು.

ಮುದುಕ ಚರ್ಮದ ಪಟ್ಟಿ ತೆಗೆದು ನೆಲದ ಮೇಲೆ ಹರವಿದ. "ಯಾರು ಕಾಲಿಡ್ತೀರಿ? ಅಳತೆ ತಗೋಬೇಕು."

ಸಭಿಕರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಕಾಲಿಡಲಿಲ್ಲ.

"ಅಳತೆ ಬೇಡ. ಸುಮ್ಮನೆ ಹೊಲಿ," ಎಂದ ಹಿರಿಯ ಪರೀಕ್ಷಕ.

"ಅಳತೆ ಇಲ್ಲದ್ದು ಚಪ್ಪಲಿ ಹೆಂಗಾಗುತ್ತೆ ಬುದ್ಧಿ?" ಎಂದ ಮುದುಕ. ಆದರೂ ಹೊಲಿದುಕೊಟ್ಟ. ಹೊಟ್ಟೆಪಾಡು ನೋಡಿ. ಹೊಚ್ಚ ಹೊಸದು, ಎಣ್ಣೆ ಹಚ್ಚಿ ಹೊಳೆಯುತ್ತಿತ್ತು, ಒಂದು ಹೆಜ್ಜೆಯ ಧೂಳೂ ಕಂಡಿರಲಿಲ್ಲ. ಮರುದಿನ ಅದನ್ನು ತಟ್ಟೆಯಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಓಲಗದ ಜೊತೆ ತಂದು ಕಟ್ಟೆಯ ಮೇಲಿಟ್ಟರು. ಅಣ್ಣನ ಸವೆದ ಚಪ್ಪಲಿಯ ಪಕ್ಕದಲ್ಲೇ. ಇಡೀ ಊರು ನಿಂತು ನೋಡಿತು, ಒಬ್ಬನಿಗೂ ನಗು ಬರಲಿಲ್ಲ.

ಕೂಗುವವಳು ಬಂಡೆ ಹತ್ತಲಿಲ್ಲ. ಅಣ್ಣನೇ ಹತ್ತಿರ ಬಂದ.

"ಹತ್ತು ತಂಗೀ. ಕಟ್ಟಳೆ ಕೇಳಿದ್ದನ್ನ ಅವರು ಮಾಡಿದಾರೆ."

"ಅದು ಯಾರ ಚಪ್ಪಲಿ ಅಣ್ಣಾ? ಯಾರು ಬಂದು ಮೆಟ್ಟಿಕೊಳ್ತಾರೆ? ಬರಲಿಲ್ಲ ಅಂದರೆ ಯಾರ ಮನೇಲಿ ಅಳ್ತಾರೆ?"

"ಆಚೆ ದಡದಲ್ಲಿ ದಿನಕ್ಕೆ ಮೂರು ಜನಕ್ಕೆ ಜ್ವರ ಹಿಡೀತಾ ಇದೆ. ನಾವು ಹನ್ನೊಂದು ಜನ ರೆಕ್ಕೆಗಾರರು ಎಷ್ಟು ಅಂತ ಹೊರೋಣ? ನನ್ನ ಮಂಡಿ ನೋಡು, ಹೇಗೆ ಊದಿದೆ. ಅದೂ ನಾಲ್ಕು ಡಬ್ಬಿ ಹೊರಲಿ ಬಿಡು. ನಾನು ಹುಷಾರಾಗಿರ್ತೀನಿ."

"ನೀನು ಹುಷಾರಾಗಿದ್ದರೆ ಸಾಕಾ?"

"ಹತ್ತೇ, ಮಾರಾಯ್ತಿ. ಬಿಸಿಲೇರ್ತಾ ಇದೆ," ಎಂದು ಅಣ್ಣ ಅವಳ ತಲೆಗೊಂದು ಮೊಟಕಿದ, ಚಿಕ್ಕಂದಿನಲ್ಲಿ ಮೊಟಕುತ್ತಿದ್ದ ಹಾಗೆ.

ಅವಳು ಹತ್ತಿದಳು. 'ಬಾನು ತೆರೆದಿದೆ' ಎಂದು ಕೂಗಿದಳು. ಆ ದಿನ ಬಾಯಿ ತೆರೆದದ್ದಕ್ಕೆ ಅವಳು ಆಮೇಲೆ ತನ್ನನ್ನು ತಾನು ಬೈದುಕೊಂಡಷ್ಟು ಯಾರನ್ನೂ ಬೈಯಲಿಲ್ಲ.

ಹದಿನಾಲ್ಕು ದಿನ ಏನೂ ಆಗಲಿಲ್ಲ. ಆಕಾಶ ತಿಳಿಯಾಗಿತ್ತು, ಕಣ್ಣಿದ್ದವರು ಕಣ್ಣಿಲ್ಲದ್ದನ್ನು ನೋಡಿ ತಾವೇ ಪಕ್ಕಕ್ಕೆ ಸರಿದರು. ಅದನ್ನೂ ಪರೀಕ್ಷಕರು ತಮ್ಮ ಪುಸ್ತಕದಲ್ಲಿ ತಮ್ಮ ಜಾಣತನವೆಂದೇ ಬರೆದುಕೊಂಡರು. ಹದಿನೈದನೆಯ ದಿನ ಬೆಳಿಗ್ಗೆ ರೆಕ್ಕೆಗಾರರು ಹೋದ ಮೇಲೆ ಕಣಿವೆಯಿಂದ ಮಂಜು ಎದ್ದಿತು.

ಕೂಗುವವಳು ಬಂಡೆಯ ತುದಿಗೆ ಬಂದು ನಿಂತಳು. "ಯಾರಲ್ಲೀ?"

ಟಣ್. ಅಣ್ಣನ ಗಂಟೆ. ಅವನು ಆಚೆಯಿಂದ ತಿರುಗಿ ಬರುತ್ತಿದ್ದ.

ಅದರ ಹಿಂದೆಯೇ ಒಂದು ಗುಂಯ್ ಎನ್ನುವ ಸದ್ದು. ಅದು ಈಚೆಯಿಂದ ಹೋಗುತ್ತಿತ್ತು.

"ಯಾರಲ್ಲೀ?" ಎಂದು ಅವಳು ಆ ಸದ್ದಿಗೆ ಕೂಗಿದಳು. "ಯಾರಲ್ಲೀ? ಯಾರಲ್ಲೀ?" ಸದ್ದು ಹಾಗೆಯೇ ಹೋಯಿತು. "ಅಣ್ಣಾ! ಎದುರಿಗಿದೆ! ಪಕ್ಕಕ್ಕೆ ಸರಿ, ಸರಿ!"

ಟಣ್, ಟಣ್. ಅಣ್ಣ ದಾರಿ ಬಿಟ್ಟ. ಎಡಕ್ಕೆ ಸರಿದ. ಬರಿರೆಕ್ಕೆಗೂ ಎದುರಿಗೆ ಏನೋ ಇದೆಯೆಂದು ತಿಳಿಯಿತು, ಅದಕ್ಕಷ್ಟು ಬುದ್ಧಿ ಕೊಟ್ಟಿದ್ದರು. ಆದರೆ ಏಳು ವರ್ಷದಲ್ಲಿ ಅದಕ್ಕೆ ಎದುರಾದದ್ದು ಬಂಡೆ, ಮರ, ಕಂಬ ಮಾತ್ರ. ನಾವು ಸರಿದರೆ ಎದುರಿನದೂ ಸರಿಯುತ್ತದೆ ಎನ್ನುವುದನ್ನು ಅದು ಒಂದು ದಿನವೂ ಕಂಡಿರಲಿಲ್ಲ. ಅದೂ ಅದೇ ಬದಿಗೆ ಸರಿಯಿತು. ಓಣಿಯಲ್ಲಿ ಎದುರುಬದುರಾದ ಇಬ್ಬರು ಒಂದೇ ಕಡೆ ಸರಿದು ನಿಲ್ಲುವುದಿಲ್ಲವೇ, ಹಾಗೆ. ಓಣಿಯಲ್ಲಾದರೆ ಇಬ್ಬರೂ ನಕ್ಕು ಮುಂದೆ ಹೋಗುತ್ತಾರೆ.

ಬಟ್ಟೆ ಹರಿದ ಸದ್ದು ಕೇಳಿಸಿತು. ಆಮೇಲೆ ಅವಳು ಮಧ್ಯಾಹ್ನದವರೆಗೂ ಕೂಗಿದಳು. ಮಂಜು ಕರಗಿತು, ಕಣಿವೆ ಖಾಲಿಯಾಗಿ ಕಂಡಿತು. ಗಂಟಲು ಕಟ್ಟಿ ರಕ್ತ ಬಂದ ಮೇಲೆಯೇ ಅವಳು ನಿಲ್ಲಿಸಿದ್ದು.

ಕಟ್ಟೆಯ ಮೇಲೆ ಎರಡು ಜೊತೆ ಚಪ್ಪಲಿ ಉಳಿದವು.

ಸಭೆ ಸೇರಿ ವಿಚಾರಣೆ ಮಾಡಿತು. ವಿಚಾರಣೆ ಎಂದರೆ ಏನು, ಕಟ್ಟೆಯ ಹತ್ತಿರ ಹೋಗಿ ಬಗ್ಗಿ ನೋಡಿದರು. 'ರೆಕ್ಕೆಗಾರನ ಚಪ್ಪಲಿ ಇದೆ. ಬರಿರೆಕ್ಕೆಯ ಚಪ್ಪಲಿಯೂ ಇದೆ. ಕಟ್ಟಳೆ ಮುರಿದಿಲ್ಲ. ಇಬ್ಬರಿಗೂ ಸಮನಾದ ನಷ್ಟ. ತಪ್ಪು ಮಂಜಿನದು' ಎಂದು ಬರೆದು ಕೈತೊಳೆದುಕೊಂಡರು. ಸಮನಾದ ನಷ್ಟವಂತೆ! ಮಾರನೆಯ ವಾರಕ್ಕೆ ಇನ್ನೊಂದು ಬರಿರೆಕ್ಕೆ ಸಿದ್ಧವಾಗಿ ನಿಂತಿತ್ತು. ಇನ್ನೊಬ್ಬ ಅಣ್ಣನನ್ನು ಯಾರು ಸಿದ್ಧ ಮಾಡಿಕೊಡುತ್ತಾರೆ?

ಕೂಗುವವಳು ಅಲ್ಲಿಯವರೆಗೆ ಯಾರೂ ಮಾಡದ ಕೆಲಸ ಮಾಡಿದಳು. ಕಟ್ಟೆಯ ಮೇಲಿನ ಆ ಹೊಳೆಯುವ ಚಪ್ಪಲಿಯನ್ನು ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡಳು. ಸಭಿಕರ ಮನೆ ಮನೆಗೆ ಹೋದಳು. ಬಾಗಿಲು ತೆರೆದವರ ಕಾಲ ಬುಡದಲ್ಲಿ ಅದನ್ನಿಟ್ಟು, "ಮೆಟ್ಟಿಕೊಳ್ಳಿ," ಎಂದಳು. ಗಂಟಲು ಒಡೆದು ಪಿಸುಮಾತಷ್ಟೇ ಬರುತ್ತಿತ್ತು. ಒಬ್ಬ ಒಳಗೆ ಓಡಿದ. ಒಬ್ಬ ಬಾಗಿಲು ಮುಚ್ಚಿದ. ಒಬ್ಬ ಪಾಪ ಹೆದರಿ ಕಾಲಿಟ್ಟೇ ಬಿಟ್ಟ, ಹೆಬ್ಬೆರಳೂ ತೂರಲಿಲ್ಲ. ಹಿರಿಯ ಪರೀಕ್ಷಕ ಅದನ್ನು ನೋಡಿ, "ಇದು ನನ್ನದಲ್ಲ," ಎಂದ.

"ಮತ್ತೆ ಯಾರದು?"

"ಬರಿರೆಕ್ಕೆಯದು."

"ಅದಕ್ಕೆ ಕಾಲಿದೆಯಾ?"

ಅವಳು ಆ ಚಪ್ಪಲಿಯನ್ನು ಅವನ ಅಂಗಳದಲ್ಲೇ ಬಿಸಾಡಿ ಬಂದಳು.

ಮರುದಿನದಿಂದ ಅವಳು ಬಂಡೆಯ ಮೇಲೆ ಬಾಯಿ ಮುಚ್ಚಿ ಕೂತಳು. ಬಾನು ತೆರೆಯಲಿಲ್ಲ. ಒಂದು ದಿನ, ಎರಡು ದಿನ, ಐದು ದಿನ. ಆಚೆ ದಡದಲ್ಲಿ ಜ್ವರ ಜೋರಾಯಿತು, ಅಲ್ಲಿಯವರು ಬೆಂಕಿ ಹಾಕಿ ಹೊಗೆ ಎಬ್ಬಿಸಿ ಕರೆದರು. ಆ ಹೊಗೆ ಕಾಣದ ಹಾಗೆ ಅವಳು ಬೆನ್ನು ತಿರುಗಿಸಿ ಕೂತಳು. ಊರ ಜನ ಬಂಡೆಯ ಕೆಳಗೆ ಸೇರಿ ಬೈದರು. "ನಿನ್ನ ಒಬ್ಬ ಅಣ್ಣನಿಗಾಗಿ ಅಷ್ಟು ಜನರನ್ನ ಕೊಲ್ತೀಯೇನೇ?"

ಅವಳು ಎದ್ದು ನಿಂತಳು. ಗಂಟಲು ಅಷ್ಟಿಷ್ಟು ಕೂಡಿಕೊಂಡಿತ್ತು. "ಈಗಲೇ ತೆರೀತೀನಿ! ಬರಿರೆಕ್ಕೆಯೂ ಹೋಗಲಿ, ರೆಕ್ಕೆಗಾರರೂ ಹೋಗಲಿ! ಪಟ ಬಿಡುವವನು ಏನು ಮಾಡ್ತಾನೆ? ತನ್ನ ಚಪ್ಪಲಿ ಬಿಟ್ಟು ಪಟ ಇಳಿಯೋ ತನಕ ಬರಿಗಾಲಲ್ಲಿ ನಿಲ್ತಾನೆ. ಬರಿರೆಕ್ಕೆ ಬಿಡುವವನೂ ನಿಲ್ಲಲಿ! ತಾನು ಮೆಟ್ಟಿ ಸವೆಸಿದ ಚಪ್ಪಲಿ ಇಡಲಿ! ಅದು ತಿರುಗಿ ಬರೋ ತನಕ ತಾನೇ ನಿಂತು ಕೂಗಲಿ!"

ಜನರೆಲ್ಲ ಹಿರಿಯ ಪರೀಕ್ಷಕನ ಕಡೆ ತಿರುಗಿದರು. ಅವನು ಮೂಗು ಮುರಿದ. "ಅದೆಷ್ಟು ಹೊತ್ತಿನ ಕೆಲಸ? ಹೋಗಿ ಬರೋಕೆ ಅರ್ಧ ಗಳಿಗೆ." ಎಲ್ಲರ ಮುಂದೆ ಚಪ್ಪಲಿ ಕಳಚಿದ. ಹಳೆಯ ಚಪ್ಪಲಿ, ಐದು ಬೆರಳಿನ ಗುರುತು ಕಪ್ಪಾಗಿ ಬಿದ್ದಿತ್ತು. ಅದನ್ನು ಕಟ್ಟೆಯ ಮೇಲೆ, ಅವಳ ಅಣ್ಣನ ಚಪ್ಪಲಿಯ ಪಕ್ಕ, ಇಟ್ಟ.

ಅವಳು 'ಬಾನು ತೆರೆದಿದೆ' ಎಂದು ಕೂಗಿದಳು. ರೆಕ್ಕೆಗಾರರು ಔಷಧಿ ಹೊತ್ತು ಹಾರಿದರು. ಬರಿರೆಕ್ಕೆಯೂ ಹಾರಿತು.

ಬಿಸಿಲು ನೆತ್ತಿಗೆ ಬಂತು. ಕಟ್ಟೆಯ ಕಲ್ಲು ಕಾದ ಹೆಂಚಾಯಿತು. ಅರ್ಧ ಗಳಿಗೆ ಕಳೆಯಿತು, ಒಂದು ಗಳಿಗೆ ಕಳೆಯಿತು, ನಾಲ್ಕು ಕಳೆಯಿತು. ಹಿರಿಯ ಪರೀಕ್ಷಕ ಒಂದು ಕಾಲು ಎತ್ತಿ ಇನ್ನೊಂದರ ಮೇಲೆ ನಿಂತ, ಅದನ್ನೆತ್ತಿ ಇದರ ಮೇಲೆ ನಿಂತ. "ಎಲ್ಲಿದೆ ಅದು?" ಎಂದು ಕೇಳಿದ.

"ನನಗೇನು ಗೊತ್ತು ಸ್ವಾಮಿ? ಕೂಗಿ."

ಅವನು ಕೂಗಿದ. ಮೊದಲು ನಾಚಿಕೆಯಿಂದ, ಸಣ್ಣಗೆ. ಆಮೇಲೆ ದೊಡ್ಡದಾಗಿ. "ಯಾರಲ್ಲೀ?" ಆಕಾಶದಿಂದ ರೆಕ್ಕೆಗಾರರ ಗಂಟೆಗಳು ಒಂದೊಂದಾಗಿ ಓಗೊಟ್ಟವು, ಟಣ್, ಟಣ್, ಟಣ್. ಹತ್ತು ಗಂಟೆಗಳು. ಅವನದು ಓಗೊಡಲಿಲ್ಲ. ಇದೆಯೋ ಬಿದ್ದಿದೆಯೋ, ಯಾರ ಎದುರಿಗೆ ಹೋಗುತ್ತಿದೆಯೋ, ಅವನಿಗೆ ಒಂದೂ ತಿಳಿಯಲಿಲ್ಲ. ಹೊತ್ತು ಇಳಿಯುವಾಗ ಅವನ ಧ್ವನಿ ಅಳುವವರ ಧ್ವನಿಯಾಗಿತ್ತು. ಅಂಗಾಲಲ್ಲಿ ಬೊಬ್ಬೆಗಳೆದ್ದು ಒಡೆದಿದ್ದವು.

ಇಳಿಹೊತ್ತಿಗೆ ಅದು ಬಂತು. ಎದುರುಗಾಳಿಗೆ ಸಿಕ್ಕಿ ತಡವಾಗಿತ್ತು, ಅಷ್ಟೇ. ಅವನು ಯಾರನ್ನೂ ನೋಡದೆ, ಚಪ್ಪಲಿ ಮೆಟ್ಟಿಕೊಂಡು, ಬರಿರೆಕ್ಕೆಯನ್ನು ಹೊತ್ತುಕೊಂಡು ಕುಂಟುತ್ತ ತನ್ನ ಕಾರ್ಖಾನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ.

ಬಾಗಿಲು ತೆರೆದಾಗ ಬರಿರೆಕ್ಕೆಯ ಹೊಟ್ಟೆಗೆ ಒಂದು ಗಂಟೆ ಕಟ್ಟಿತ್ತು. ಹೊಳೆಯ ಮೇಲೆ ಬಲೆ ಕಟ್ಟಿಸಿದರು. ಡಂಗುರ ಹೊಡೆಸಲಿಲ್ಲ, ಪಾರಿವಾಳದ ಬುಟ್ಟಿ ಎತ್ತಿಸಿದರು, ಮಂಜು ಬರುವವರೆಗೆ ಕಾದರು. ರೆಕ್ಕೆಗಾರರು ಬಲೆಯ ಮೇಲೆ ತಗ್ಗಿನಲ್ಲಿ ಹಾರಿದರು, ಬರಿರೆಕ್ಕೆಯನ್ನು ಅವರ ನಡುವೆಯೇ ಬಿಟ್ಟರು. ಹಿರಿಯ ಪರೀಕ್ಷಕ ಕಟ್ಟೆಯ ಮೇಲೆ ಬರಿಗಾಲಲ್ಲಿ, ಕಾಲಿಗೆ ಬಟ್ಟೆಯನ್ನೂ ಸುತ್ತದೆ ನಿಂತ.

"ಯಾರಲ್ಲೀ?" ಎಂದು ಕೂಗಿದಳು ಅವಳು.

ಟಣ್.

ಮಂಜಿನೊಳಗೆ ಒಬ್ಬ ರೆಕ್ಕೆಗಾರ ಬೇಕೆಂದೇ ಅದರ ಎದುರಿಗೆ ಹೋದ. ಅವನು ಬಲಕ್ಕೆ ಸರಿದ. ಟಣ್, ಟಣ್ ಎಂದು ಅದೂ ತನ್ನ ಬಲಕ್ಕೆ ಸರಿಯಿತು. ಇಬ್ಬರೂ ಒಬ್ಬರನ್ನೊಬ್ಬರು ದಾಟಿ ಹೋದರು. ಇಪ್ಪತ್ತು ಸಲ ಮಾಡಿಸಿದಳು. ಇಪ್ಪತ್ತು ಸಲವೂ ಅದು ಓಗೊಟ್ಟಿತು, ದಾರಿ ಬಿಟ್ಟಿತು. ಕೆಳಗೆ ಜನ ಕುಣಿದಾಡಿದರು.

ಹಿರಿಯ ಪರೀಕ್ಷಕ ತಲೆಯೆತ್ತಿ ಬಂಡೆಯ ಕಡೆ ನೋಡಿದ. ಅವನ ಮುಖದಲ್ಲಿ ಆ ಹಳೆಯ ನಗು ಇರಲಿಲ್ಲ. "ಈಗ ಸಮಾಧಾನವಾಯ್ತಾ ತಾಯಿ?"

ಅವಳು ಬಂಡೆಯ ತುದಿಯಿಂದ ಕೇಳಿದಳು. "ಎಷ್ಟು ದಿನ ಹಿಡೀತು, ಅದಕ್ಕೆ ಓಗೊಡೋದು ಕಲಿಸೋಕೆ?"

ಅವನು ತಲೆ ತಗ್ಗಿಸಿದ. "ಮೂರು ದಿನ."

ಜನರ ಕುಣಿತ ನಿಂತಿತು.

ಮೂವತ್ತು ವರ್ಷ ಎಂದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಮೂರು ವರ್ಷ ಎಂದಿದ್ದರೂ ಹೇಗೋ ನುಂಗಿಕೊಳ್ಳುತ್ತಿದ್ದಳು. ಮೂರು ದಿನ! ಓಲಗ ಊದಿಸುವ ಬದಲು ಮೂರು ದಿನ ಕೂತಿದ್ದರೆ ಅಣ್ಣ ಇವತ್ತು ಊದಿದ ಮಂಡಿ ನೀವಿಕೊಳ್ಳುತ್ತ ಮನೆಯಲ್ಲಿರುತ್ತಿದ್ದ. ಅವಳು ಅಳಲಿಲ್ಲ. ಕಟ್ಟೆಯ ಕಡೆ ಕೈ ತೋರಿಸಿದಳು. ಅಲ್ಲಿ ಹಿಮ್ಮಡಿ ಸವೆದ, ತಾಮ್ರದ ಮೊಳೆ ಹೊಡೆದ ಜೋಡಿ ಬಿಸಿಲಿಗೆ ಒಣಗಿ ಸೊಟ್ಟಗಾಗಿ ಬಿದ್ದಿತ್ತು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

"ನನಗಲ್ಲ," ಎಂದಳು. "ಅಲ್ಲಿ ಹೋಗಿ ಹೇಳಿ. ಆ ಚಪ್ಪಲಿಗೆ ಹೇಳಿ."

ಹಿರಿಯ ಪರೀಕ್ಷಕ ನಡೆದು ಹೋದ. ಆ ಚಪ್ಪಲಿಯ ಮುಂದೆ ಬರಿಗಾಲಲ್ಲಿ ನಿಂತ. ತುಟಿ ಅಲ್ಲಾಡಿತು. ಸಣ್ಣಗೆ, "ಮೂರು ದಿನ," ಎಂದ.

"ಕೇಳಿಸ್ತಿಲ್ಲ," ಎಂದು ಅವಳು ಬಂಡೆಯ ಮೇಲಿನಿಂದ ಕೂಗಿದಳು, ಕಣಿವೆಯ ಆಚೆ ದಡಕ್ಕೆ ಕೇಳುವ ಹಾಗೆ. "ಗಟ್ಟಿಯಾಗಿ ಹೇಳಿ!"